ಹಿಂಜರಿಯುವ ಕಾಲಿಗೆ ಧೈರ್ಯ ಹೇಳಿದರೆ ಸಾಲದು

ಕರಾಟೆ, ಟೇಕ್ವಾಂಡೊ ಕಲಿಯುವವರಿಗೆ ತೊಡೆಯ ಹಿಂಭಾಗದ ಸ್ನಾಯು ಮೊದಲ ಸಲ ಹರಿದಾಗ ಅದೊಂದು ಪೆಟ್ಟು, ಅಷ್ಟೇ. ಅದೇ ಜಾಗದಲ್ಲಿ ಎರಡನೇ ಸಲ, ಮೂರನೇ ಸಲ ಹರಿದಾಗ ಕಾಲಿನ ಜೊತೆಗೆ ನಂಬಿಕೆಯೂ ಕುಸಿಯುತ್ತದೆ. ನೋವು ಮಾಯವಾಗಿ ವಾರಗಳು ಕಳೆದಿರುತ್ತವೆ, ನಡೆಯಲು, ಮೆಟ್ಟಿಲು ಹತ್ತಲು ಏನೂ ತೊಂದರೆಯಿಲ್ಲ. ಆದರೆ ಕಿಕ್ ಎತ್ತುವ ಹೊತ್ತಿಗೆ ಮಂಡಿ ಪೂರ್ತಿ ನೇರವಾಗುವುದಿಲ್ಲ, ಸೊಂಟ ತಿರುಗುವುದಿಲ್ಲ, ಮೈ ಹಿಂದಕ್ಕೆ ವಾಲುತ್ತದೆ. ಎದುರಾಳಿ ತೆರೆದುಕೊಂಡು ನಿಂತಿದ್ದರೂ ಕಾಲು ಸೊಂಟದ ಮಟ್ಟಕ್ಕೇ ನಿಂತುಬಿಡುತ್ತದೆ. ಇದನ್ನು ಕಂಡ ತರಬೇತುದಾರರು 'ಭಯ ಬಿಡು, ಜೋರಾಗಿ ಹೊಡಿ' ಎನ್ನುತ್ತಾರೆ. ಮನೆಯವರು 'ಸಾಕು ಬಿಡಪ್ಪ, ಆರು ತಿಂಗಳು ಸುಮ್ಮನೆ ರೆಸ್ಟ್ ತಗೋ' ಎನ್ನುತ್ತಾರೆ. ಎರಡೂ ಕಾಳಜಿಯಿಂದಲೇ ಬರುವ ಮಾತು, ಆದರೆ ಎರಡೂ ತಪ್ಪು ಎಂಬುದು ನನ್ನ ವಾದ. ಮತ್ತೆ ಮತ್ತೆ ಪೆಟ್ಟು ತಿಂದವರ ಹಿಂಜರಿಕೆ ಪುಕ್ಕಲುತನವಲ್ಲ. ಸ್ನಾಯು ಇನ್ನೂ ಸಿದ್ಧವಾಗಿಲ್ಲ ಎಂಬುದಕ್ಕೆ ಅದು ಒಂದು ಕುರುಹು. ಅದನ್ನು ಗದರಿಸಿ ಓಡಿಸುವ ಬದಲು, ಅಳೆದು ತೂಗಿ ಹೊರೆ ಏರಿಸುತ್ತಾ ಕರಗಿಸಬೇಕು. ಆ ಕೆಲಸ ಕಲಿಯುವವನೊಬ್ಬನದಲ್ಲ, ಕಲಿಸುವ ತರಗತಿಯದೂ ಹೌದು.

ಕ್ರಿಕೆಟ್ ಸುದ್ದಿಗಳಿಂದಾಗಿ ಹ್ಯಾಮ್‌ಸ್ಟ್ರಿಂಗ್ ಎಂಬ ಹೆಸರು ಈಗ ಎಲ್ಲರಿಗೂ ಗೊತ್ತು. ಊರಲ್ಲಿ 'ತೊಡೆ ನರ ಹಿಡಿದಿದೆ' ಎನ್ನುವುದೂ ಹೆಚ್ಚಾಗಿ ಇದನ್ನೇ. ಕೂರುವಾಗ ನೆಲಕ್ಕೆ ತಾಗುವ ಎಲುಬಿನಿಂದ ಹೊರಟು ಮಂಡಿಯ ಕೆಳಗೆ ಸೇರುವ ಮೂರು ಸ್ನಾಯುಗಳ ಗುಂಪು ಅದು. ಸೊಂಟದ ಕೀಲು, ಮಂಡಿಯ ಕೀಲು ಎರಡನ್ನೂ ದಾಟಿ ಹೋಗುವುದೇ ಅದರ ಕಷ್ಟಕ್ಕೆ ಕಾರಣ. ಎತ್ತರದ ಕಿಕ್‌ನಲ್ಲಿ ಸೊಂಟ ಮಡಚಿರುತ್ತದೆ, ಮಂಡಿ ನೇರವಾಗುತ್ತದೆ. ಎರಡೂ ಕಡೆಯಿಂದ ಒಮ್ಮೆಲೇ ಎಳೆತ ಬೀಳುತ್ತದೆ. ಸಾಲದ್ದಕ್ಕೆ, ವೇಗವಾಗಿ ಮೇಲೇರುತ್ತಿರುವ ಕಾಲಿಗೆ ಕೊನೆಯ ಗಳಿಗೆಯಲ್ಲಿ ಬ್ರೇಕ್ ಹಾಕುವುದೂ ಇದೇ ಸ್ನಾಯು. ಅಂದರೆ ಅದು ಅತಿ ಉದ್ದಕ್ಕೆ ಹಿಗ್ಗಿರುವ ಹೊತ್ತಿನಲ್ಲೇ ಅತಿ ಹೆಚ್ಚು ಬಲ ಹಾಕಬೇಕು. ಒಮ್ಮೆ ಹರಿದು ಕೂಡಿಕೊಂಡ ಸ್ನಾಯುವಿಗೆ ದುಸ್ತರವಾಗುವುದು ಈ ಕೊನೆಯ ಗಳಿಗೆಯೇ. ಹಿಂದೆ ಪೆಟ್ಟಾದ ಹ್ಯಾಮ್‌ಸ್ಟ್ರಿಂಗ್‌ಗಳು ತಮ್ಮ ಗರಿಷ್ಠ ಬಲವನ್ನು ಮೊದಲಿಗಿಂತ ಗಿಡ್ಡ ಅಳತೆಯಲ್ಲೇ ತೋರಿಸಿ, ಉದ್ದ ಹಿಗ್ಗಿದಾಗ ಬಲಗುಂದುತ್ತವೆ ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 2004ರಲ್ಲೇ ತೋರಿಸಿದ್ದರು.

ಆಮೇಲೆ ಬಂದ ಸಂಶೋಧನೆ ಇನ್ನೂ ಮುಖ್ಯವಾದ ಸಂಗತಿಯನ್ನು ಮುಂದಿಟ್ಟಿತು. ಹಿಂದೆ ಪೆಟ್ಟಾದ ಕಾಲಿನಲ್ಲಿ, ಸ್ನಾಯು ಹಿಗ್ಗುತ್ತಲೇ ಬಲ ಹಾಕಬೇಕಾದ ಸಂದರ್ಭದಲ್ಲಿ, ಮಿದುಳು ಅದಕ್ಕೆ ಪೂರ್ತಿ ಆಜ್ಞೆಯನ್ನೇ ಕಳಿಸುವುದಿಲ್ಲ. ಪೆಟ್ಟಾಗಿ ಎಷ್ಟೋ ತಿಂಗಳಾಗಿದ್ದರೂ, ಆಟಕ್ಕೆ ಮರಳಿಯಾಗಿದ್ದರೂ ಆ ಸ್ನಾಯುವಿನ ವಿದ್ಯುತ್ ಚಟುವಟಿಕೆ ಇನ್ನೊಂದು ಕಾಲಿಗಿಂತ ಕಡಿಮೆ ಇರುವುದನ್ನು ಉಪಕರಣಗಳು ದಾಖಲಿಸಿವೆ. ನೋವಿನಿಂದ ಸ್ನಾಯುವನ್ನು ಕಾಪಾಡಲೆಂದು ಶುರುವಾದ ಈ ತಡೆ, ಗಾಯ ಮಾಗಿದ ಮೇಲೂ ಹಾಗೇ ಉಳಿದುಬಿಡುತ್ತದೆ. ಬಲ ಹಾಕದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಮತ್ತೆ ಹರಿಯುತ್ತದೆ, ಹರಿದಾಗಲೆಲ್ಲ ತಡೆ ಇನ್ನಷ್ಟು ಬಿಗಿಯಾಗುತ್ತದೆ. ತರಗತಿಯಲ್ಲಿ ಮಾಸ್ಟರ್‌ಗೆ ಕಾಣುವ ಆ ಅರ್ಧಕ್ಕೆ ನಿಂತ ಕಿಕ್‌ನ ಹಿಂದೆ ಇಷ್ಟೆಲ್ಲ ನಡೆದಿರುತ್ತದೆ. ಮನಸ್ಸಿನ ಅಂಜಿಕೆ ಎಲ್ಲಿ ಮುಗಿಯಿತು, ನರಮಂಡಲದ ತಡೆ ಎಲ್ಲಿ ಶುರುವಾಯಿತು ಎಂದು ಹೊರಗಿನಿಂದ ಗೆರೆ ಎಳೆಯಲು ಬರುವುದಿಲ್ಲ. ಹೀಗಿರುವಾಗ 'ಹೆದರಬೇಡ' ಎಂದು ನೂರು ಸಲ ಕೂಗಿದರೂ ಆ ಆಜ್ಞೆ ತೊಡೆಗೆ ತಲುಪುವುದಿಲ್ಲ.

ಈ ಹಿಂಜರಿಕೆಯನ್ನು ವೈದ್ಯಕೀಯ ಮಾಹಿತಿಯಾಗಿಯೇ ಬಳಸಿಕೊಂಡವರು ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್. ಅವರ ತಂಡ 2010ರಲ್ಲಿ ವಿವರಿಸಿದ ಪರೀಕ್ಷೆ ಸರಳವಾದದ್ದು. ಅಂಗಾತ ಮಲಗಬೇಕು, ಒಂದು ಕಾಲನ್ನು ನೆಲಕ್ಕೆ ಕಟ್ಟಿರಬೇಕು, ಇನ್ನೊಂದರ ಮಂಡಿ ಮಡಚದಂತೆ ಪಟ್ಟಿ ಬಿಗಿದು, ಆ ಕಾಲನ್ನು ಆದಷ್ಟು ವೇಗವಾಗಿ, ಆದಷ್ಟು ಎತ್ತರಕ್ಕೆ ಎತ್ತಬೇಕು. ಆಮೇಲೆ ಕೇಳುವ ಪ್ರಶ್ನೆ ನೋವಿನದ್ದಲ್ಲ. ಎತ್ತುವಾಗ ಎಷ್ಟು ಅಳುಕಾಯಿತು, ಸೊನ್ನೆಯಿಂದ ನೂರರ ನಡುವೆ ಹೇಳಿ ಎನ್ನುತ್ತಾರೆ. ಮಾಮೂಲಿ ತಪಾಸಣೆಗಳಲ್ಲೆಲ್ಲ 'ವಾಸಿಯಾಗಿದೆ' ಎನಿಸಿಕೊಂಡಿದ್ದ 11 ಕ್ರೀಡಾಪಟುಗಳು ಪೆಟ್ಟಾದ ಕಾಲಿಗೆ ಸರಾಸರಿ 52 ಅಂಕ ಕೊಟ್ಟರು, ಪೆಟ್ಟಾಗದ ಕಾಲಿಗೆ ಸೊನ್ನೆ. ಕೈಯಿಂದ ಒತ್ತಿ ನೋಡಿದರೆ ಸಿಗದಿದ್ದದ್ದನ್ನು ಅಳುಕು ಹೇಳಿತು. ಮುಂದೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವೀಡನ್ನಿನ 75 ಫುಟ್ಬಾಲ್ ಆಟಗಾರರನ್ನು ಎರಡು ಗುಂಪು ಮಾಡಲಾಯಿತು. ಸ್ನಾಯುವನ್ನು ಉದ್ದಕ್ಕೆ ಹಿಗ್ಗಿಸಿಯೇ ಅದಕ್ಕೆ ಹೊರೆ ಹೊರಿಸಿದ ಗುಂಪು ಸರಾಸರಿ 28 ದಿನಗಳಲ್ಲಿ ಮರಳಿತು, ಸಾಂಪ್ರದಾಯಿಕ ವ್ಯಾಯಾಮ ಮಾಡಿದ ಗುಂಪಿಗೆ 51 ದಿನ ಬೇಕಾಯಿತು. ಎರಡೂ ಗುಂಪಿಗೆ ಒಂದೇ ಷರತ್ತು: ಕಾಲೆತ್ತುವ ಪರೀಕ್ಷೆಯಲ್ಲಿ ಅಳುಕು ಉಳಿದಿದ್ದರೆ ಪೂರ್ಣ ತರಬೇತಿಗೆ ಪ್ರವೇಶವಿಲ್ಲ. ಮುಂದಿನ ಒಂದು ವರ್ಷದಲ್ಲಿ ಇಡೀ 75 ಮಂದಿಯಲ್ಲಿ ಮತ್ತೆ ಪೆಟ್ಟು ಮಾಡಿಕೊಂಡವರು ಒಬ್ಬರೇ. ಭಯವನ್ನು ಅಡಗಿಸದೆ ಅದರ ಮಾತಿಗೆ ಬೆಲೆ ಕೊಟ್ಟ ಅಧ್ಯಯನವೊಂದರ ಫಲಿತಾಂಶ ಇದು.

ಹಾಗಾದರೆ ಹೋದ ನಂಬಿಕೆ ಮರಳುವುದು ಹೇಗೆ? ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಇದಕ್ಕೊಂದು ಉತ್ತರ ಕೊಟ್ಟಿದ್ದರು. 'ಇದು ನನ್ನ ಕೈಲಾಗುತ್ತದೆ' ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ, ಅವುಗಳಲ್ಲಿ ಬಲವಾದದ್ದು ತಾನೇ ಮಾಡಿ ಗೆದ್ದ ಅನುಭವ. ಇತರರ ಉತ್ತೇಜನದ ಮಾತು ಅದರ ಮುಂದೆ ದುರ್ಬಲ. ತರಗತಿಯ ಭಾಷೆಯಲ್ಲಿ ಹೇಳುವುದಾದರೆ, ಅಳತೆಯಿಟ್ಟು ಹೊಡೆದ ಕಿಕ್‌ಗಳ ಲೆಕ್ಕವೇ ಧೈರ್ಯ. ನಮ್ಮ ಗರಡಿಮನೆಗಳಲ್ಲಿ ದಂಡ, ಬಸ್ಕಿಗಳ ಎಣಿಕೆಯನ್ನು ದಿನದಿಂದ ದಿನಕ್ಕೆ ಏರಿಸುತ್ತಾ ಹೋಗುವ ಪದ್ಧತಿಯಲ್ಲಿ ಈ ತಿಳಿವಳಿಕೆ ಇದೆ. ಕಿಕ್‌ಗೂ ಅದನ್ನೇ ಅನ್ವಯಿಸಬೇಕು. ಎತ್ತರ, ವೇಗ, ದಣಿವು, ಎದುರಾಳಿ ಈ ನಾಲ್ಕನ್ನೂ ಒಟ್ಟಿಗೆ ಹೆಚ್ಚಿಸದೆ ಒಂದೊಂದಾಗಿ ಏರಿಸಬೇಕು. ಮೊದಲು ಗೋಡೆ ಹಿಡಿದು ನಿಧಾನವಾಗಿ, ಸೊಂಟದ ಮಟ್ಟಕ್ಕೆ. ಅದು ಸಲೀಸಾದ ಮೇಲೆ ಅದೇ ಎತ್ತರಕ್ಕೆ ವೇಗ. ಆಮೇಲೆ ಎದೆಯ ಮಟ್ಟ, ಮತ್ತೆ ನಿಧಾನದಿಂದ ಶುರು. ಪ್ಯಾಡ್ ಮೇಲಿನ ಕಿಕ್ ತರಗತಿಯ ಆರಂಭದಲ್ಲಿ ಸರಿಬಂದರೆ ಸಾಲದು, ಕೊನೆಯ ಹತ್ತು ನಿಮಿಷದಲ್ಲಿ, ಕಾಲು ಸೋತಿರುವಾಗಲೂ ಬರಬೇಕು. ಎಲ್ಲಕ್ಕಿಂತ ಹೆಚ್ಚು ಕಡೆಗಣಿಸುವ ಮೆಟ್ಟಿಲು ಕೊನೆಯದು. ಪ್ಯಾಡ್‌ಗೆ ಹೊಡೆಯುವಾಗ ಯಾವಾಗ ಹೊಡೆಯಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ. ಸ್ಪಾರಿಂಗ್‌ನಲ್ಲಿ ಅದನ್ನು ಎದುರಾಳಿ ನಿರ್ಧರಿಸುತ್ತಾನೆ. ಪ್ಯಾಡ್‌ನಿಂದ ನೇರ ಸ್ಪಾರಿಂಗ್‌ಗೆ ಹಾರುವವರೇ ಹೆಚ್ಚು. ನಡುವೆ, ಜೊತೆಗಾರ ಕೈ ತೋರಿಸಿದಾಗ ಮಾತ್ರ ಕಿಕ್, ಬೇರೆ ದಿಕ್ಕಿಗೆ ಸರಿದಾಗ ಹೆಜ್ಜೆ ಬದಲಿಸುವುದು ಎಂಬಂಥ ಅಭ್ಯಾಸ ಬೇಕೇ ಬೇಕು. ಅಮೆರಿಕದಲ್ಲಿ 24 ಕ್ರೀಡಾಪಟುಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಸ್ಟ್ರೆಚಿಂಗ್ ಮತ್ತು ಬಲವರ್ಧನೆ ಮಾಡಿದ 11 ಮಂದಿಯಲ್ಲಿ ಆರು ಜನ ಮರಳಿದ ಎರಡೇ ವಾರದಲ್ಲಿ ಮತ್ತೆ ಪೆಟ್ಟು ತಿಂದರು. ಹೆಜ್ಜೆಯ ಚುರುಕು ಮತ್ತು ನಡು ಗಟ್ಟಿಮಾಡುವ ವ್ಯಾಯಾಮ ಮಾಡಿದ 13 ಮಂದಿಯಲ್ಲಿ ಆ ಎರಡು ವಾರದಲ್ಲಿ ಒಬ್ಬರಿಗೂ ಮತ್ತೆ ಪೆಟ್ಟಾಗಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಮರ ಕಲೆಯ ಸ್ವಭಾವದ್ದೇ. ನೋವು ಸಹಿಸುವುದನ್ನು ಕಲಿಸುವ ವಿದ್ಯೆಯಲ್ಲಿ ಹೀಗೆ ಮುದ್ದು ಮಾಡಿದರೆ ಅದು ಸಮರ ಕಲೆ ಹೇಗಾದೀತು ಎಂದು ಹಿರಿಯ ಗುರುಗಳು ಕೇಳುತ್ತಾರೆ. ಅವರ ಕಳಕಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಷ್ಟಿ ಗಟ್ಟಿಯಾಗಲು, ಉಸಿರು ಕಟ್ಟಿದಾಗಲೂ ನಿಲ್ಲಲು ಸಹನೆ ಬೇಕು, ಅದನ್ನು ಕಲಿಸುವವರು ದೊಡ್ಡ ಕೆಲಸ ಮಾಡುತ್ತಿದ್ದಾರೆ. ಆದರೆ ಪೆಟ್ಟು ತಿಂದು ಕೆಂಪಾದ ಮುಂಗೈಯ ನೋವೂ ಹರಿಯುತ್ತಿರುವ ಎಳೆಯ ನೋವೂ ಒಂದೇ ಅಲ್ಲ. ಮೊದಲನೆಯದನ್ನು ಸಹಿಸಿದಷ್ಟೂ ಮೈ ಗಟ್ಟಿಯಾಗುತ್ತದೆ, ಎರಡನೆಯದನ್ನು ಸಹಿಸಿದಷ್ಟೂ ಕಲಿಕೆಯ ವರ್ಷಗಳು ಕಳೆದುಹೋಗುತ್ತವೆ. ಮನೋಬಲದಿಂದ ಎದ್ದು ಬಂದವನೆಂದು ತರಗತಿಗಳಲ್ಲಿ ಮತ್ತೆ ಮತ್ತೆ ಉದಾಹರಿಸುವ ಬ್ರೂಸ್ ಲೀಯ ಕಥೆಯನ್ನೇ ಪೂರ್ತಿ ನೋಡಿ. 1970ರಲ್ಲಿ ಭಾರ ಎತ್ತುವಾಗ ಅವನ ಬೆನ್ನಿಗೆ ಬಲವಾದ ಪೆಟ್ಟಾಯಿತು, ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಆ ಅವಧಿಯಲ್ಲಿ ಅವನು ಓದಿದ, ತನ್ನ ವಿದ್ಯೆಯ ಬಗ್ಗೆ ಟಿಪ್ಪಣಿ ಬರೆದ; ಅವನ ಬರಹಗಳು ಅವನ ಮರಣಾನಂತರ 1975ರಲ್ಲಿ 'ಟಾವೊ ಆಫ್ ಜೀತ್ ಕುನ್ ಡೊ' ಎಂಬ ಪುಸ್ತಕವಾದವು. ಕಥೆ ಹೇಳುವವರು ಅವನ ಛಲವನ್ನು ನೆನೆಯುತ್ತಾರೆ, ಅವನು ಕಾದ ತಿಂಗಳುಗಳನ್ನು ಬಿಟ್ಟುಬಿಡುತ್ತಾರೆ.

ಎರಡನೆಯ ಆಕ್ಷೇಪ ಮನೆಯಿಂದ ಬರುವಂಥದ್ದು: ಇಷ್ಟೆಲ್ಲ ರಗಳೆ ಯಾಕೆ, ಪೂರ್ತಿ ವಾಸಿಯಾಗುವವರೆಗೆ ಸುಮ್ಮನಿದ್ದರಾಯಿತಲ್ಲ? ಸುಮ್ಮನಿದ್ದರೆ ಬೇಗ ವಾಸಿಯಾಗುವುದಿಲ್ಲ ಎಂಬುದೇ ಉತ್ತರ. ಡೆನ್ಮಾರ್ಕಿನಲ್ಲಿ ತೊಡೆ, ಮೀನಖಂಡದ ಸ್ನಾಯು ಹರಿದಿದ್ದ 50 ಹವ್ಯಾಸಿ ಕ್ರೀಡಾಪಟುಗಳಲ್ಲಿ ಅರ್ಧದಷ್ಟು ಮಂದಿಗೆ ಎರಡನೇ ದಿನವೇ, ಉಳಿದವರಿಗೆ ಒಂಬತ್ತನೇ ದಿನದಿಂದ ವ್ಯಾಯಾಮ ಶುರುಮಾಡಿಸಿದರು. ಬೇಗ ಶುರುಮಾಡಿದವರು ಆಟಕ್ಕೆ ಮರಳಲು 62.5 ದಿನ ತೆಗೆದುಕೊಂಡರೆ, ತಡಮಾಡಿದವರಿಗೆ 83 ದಿನ ಹಿಡಿಯಿತು. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ವ್ಯತ್ಯಾಸವಿದ್ದದ್ದು ಶುರುವಿನ ಒಂದೇ ವಾರ, ಕೊನೆಯಲ್ಲಿ ಅದು ಮೂರು ವಾರವಾಯಿತು. ದೀರ್ಘ ವಿಶ್ರಾಂತಿ ಮಾಡುವ ಇನ್ನೊಂದು ಹಾನಿ ಹೊರಗೆ ಕಾಣುವುದಿಲ್ಲ. ನೋವಿಲ್ಲದೆ ಕಳೆದ ತಿಂಗಳುಗಳು ಗಾಯ ಮಾಗಿದೆಯೆಂಬ ಭರವಸೆ ಕೊಡುತ್ತವೆ, ಆದರೆ ಆ ತಿಂಗಳುಗಳಲ್ಲಿ ಕಾಲು ಒಂದೂ ಪರೀಕ್ಷೆ ಎದುರಿಸಿರುವುದಿಲ್ಲ. ಮರಳಿದ ಮೊದಲ ವಾರದಲ್ಲೇ ಮತ್ತೆ ಹರಿದಾಗ, 'ನನ್ನ ಕಾಲೇ ಹೀಗೆ' ಎಂಬ ತೀರ್ಮಾನಕ್ಕೆ ಬಂದು ವಿದ್ಯೆಯನ್ನೇ ಬಿಡುವವರಿದ್ದಾರೆ. ಅದು ನಿಜಕ್ಕೂ ಸಂಕಟದ ಸಂಗತಿ, ಯಾಕೆಂದರೆ ಬಹಳ ಸಲ ತಪ್ಪು ಕಾಲಿನದ್ದಾಗಿರುವುದಿಲ್ಲ.

ಈ ಅಧ್ಯಯನಗಳೆಲ್ಲ ಹೆಚ್ಚಾಗಿ ಫುಟ್ಬಾಲ್ ಆಟಗಾರರು, ಓಟಗಾರರ ಮೇಲೆ ನಡೆದವು, ಕರಾಟೆಗೆ ಅನ್ವಯಿಸುವುದು ಹೇಗೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಕೆಲವು ಅಧ್ಯಯನಗಳು ತೀರಾ ಚಿಕ್ಕವು ಕೂಡ. ಆದರೆ ಆಸ್ಕ್ಲಿಂಗ್ ಅವರೇ ನೃತ್ಯ ಕಲಾವಿದರ ಮೇಲೆ ನಡೆಸಿದ ಅಧ್ಯಯನ ಸಮರ ಕಲೆಗೆ ತೀರಾ ಹತ್ತಿರದ್ದು. ವೇಗವಾಗಿ ಓಡುವಾಗ ಹ್ಯಾಮ್‌ಸ್ಟ್ರಿಂಗ್ ಹರಿದುಕೊಂಡ 18 ಓಟಗಾರರನ್ನೂ, ನಿಧಾನವಾಗಿ ಸ್ಟ್ರೆಚ್ ಮಾಡುವಾಗ ಹರಿದುಕೊಂಡ 15 ನರ್ತಕ ನರ್ತಕಿಯರನ್ನೂ ಅವರು ಹೋಲಿಸಿದರು. ಮೊದಲ ದಿನಗಳಲ್ಲಿ ನರ್ತಕರ ಪೆಟ್ಟು ಹಗುರವೆನಿಸಿತ್ತು. ಆದರೆ ಹಿಂದಿನ ಮಟ್ಟಕ್ಕೆ ಮರಳಲು ಓಟಗಾರರಿಗೆ ಸುಮಾರು 16 ವಾರ ಸಾಕಾದರೆ ನರ್ತಕರಿಗೆ ಸುಮಾರು 50 ವಾರ, ಅಂದರೆ ಹೆಚ್ಚುಕಡಿಮೆ ಒಂದು ವರ್ಷ ಬೇಕಾಯಿತು. ಈಗ ನಮ್ಮ ತರಗತಿಗಳ ಒಂದು ದೃಶ್ಯವನ್ನು ಇದರ ಪಕ್ಕಕ್ಕಿಟ್ಟು ನೋಡಿ. ವಿದ್ಯಾರ್ಥಿ ನೆಲದ ಮೇಲೆ ಕಾಲು ಅಗಲಿಸಿ ಕೂತಿದ್ದಾನೆ. ಹಿಂದಿನಿಂದ ಸೀನಿಯರ್ ಒಬ್ಬ ಎರಡೂ ಅಂಗೈ ಬೆನ್ನಿಗಿಟ್ಟು, ಎದೆ ನೆಲಕ್ಕೆ ತಾಗುವವರೆಗೆ ಒತ್ತುತ್ತಿದ್ದಾನೆ. ಹುಡುಗ ಹಲ್ಲು ಕಚ್ಚಿದ್ದಾನೆ, ಎಣಿಕೆ ಜೋರಾಗಿ ನಡೆದಿದೆ. ನರ್ತಕರನ್ನು ವರ್ಷಗಟ್ಟಲೆ ಕಾಡಿದ ಪೆಟ್ಟಿಗೆ ದಾರಿ ಇದೇ: ಸ್ನಾಯು ಅತಿಯಾಗಿ ಹಿಗ್ಗಿದ ಸ್ಥಿತಿ, ಅದರ ಮೇಲೆ ಇನ್ನೊಬ್ಬರ ಭಾರ, ಯಾವಾಗ ನಿಲ್ಲಿಸಬೇಕೆಂಬುದು ತನ್ನ ಹಿಡಿತದಲ್ಲಿಲ್ಲ. ಆಗಲೇ ಎರಡು ಸಲ ಹರಿದಿರುವ ಕಾಲನ್ನು ಹೀಗೆ ಒತ್ತುವುದು ಗಾಯದ ಮೇಲೆ ಬರೆ ಎಳೆದಂತೆ. ಈ ಪದ್ಧತಿಯನ್ನು ನಾಳೆಯಿಂದಲೇ ನಿಲ್ಲಿಸಬೇಕು. ಮೈಬಳುಕು ಬೇಡವೆಂದಲ್ಲ, ತನ್ನ ಬಲದಿಂದ ತಾನು ತಲುಪಬಲ್ಲ ಎತ್ತರವೇ ಕಿಕ್‌ನಲ್ಲಿ ಉಪಯೋಗಕ್ಕೆ ಬರುವ ಎತ್ತರ.

ಸಣ್ಣ ಊರಿನ ತರಬೇತುದಾರರ ಕಷ್ಟ ಬೇರೆ. ಕಲ್ಯಾಣ ಮಂಟಪದ ಹಾಲನ್ನೋ ಶಾಲೆಯ ಅಂಗಳವನ್ನೋ ಸಂಜೆ ಒಂದು ಗಂಟೆಗೆ ಬಾಡಿಗೆ ಹಿಡಿದು ನಲವತ್ತು ಮಕ್ಕಳಿಗೆ ಕಲಿಸುವವರಿಗೆ ಫಿಸಿಯೊ ಎಲ್ಲಿಂದ ಬರಬೇಕು? ಇದು ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿ ಬೇಕಾಗಿರುವುದರಲ್ಲಿ ದುಬಾರಿಯಾದದ್ದು ಬಹಳ ಕಡಿಮೆ. ಪೆಟ್ಟಾದಾಗ ಒಮ್ಮೆ, ಮರಳುವ ಮುನ್ನ ಒಮ್ಮೆ ಫಿಸಿಯೊ ಬಳಿ ಕಳಿಸುವುದು ಅಗತ್ಯ. ಉಳಿದ ಕೆಲಸ ಚಾಪೆಯ ಮೇಲೆಯೇ ಆಗುವಂಥದ್ದು. ನಾರ್ಡಿಕ್ ವ್ಯಾಯಾಮ ಎಂಬುದಕ್ಕೆ ಒಬ್ಬ ಜೊತೆಗಾರ ಸಾಕು. ಮಂಡಿಯೂರಿ ಕೂರಬೇಕು, ಜೊತೆಗಾರ ಹಿಮ್ಮಡಿಗಳನ್ನು ಒತ್ತಿ ಹಿಡಿಯಬೇಕು, ಸೊಂಟ ಮಡಚದೆ ಇಡೀ ಮೈಯನ್ನು ಆದಷ್ಟು ನಿಧಾನವಾಗಿ ಮುಂದಕ್ಕೆ ಇಳಿಸುತ್ತಾ ಕೊನೆಗೆ ಅಂಗೈ ಊರಬೇಕು. ಡೆನ್ಮಾರ್ಕಿನ 942 ಫುಟ್ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರಗಳ ಕಾಲ ಕ್ರಮವಾಗಿ ಇದನ್ನೇ ಏರಿಸುತ್ತಾ ಹೋದವರಲ್ಲಿ ಮರುಪೆಟ್ಟಿನ ಪ್ರಮಾಣ ಒಂದು ಋತುವಿಗೆ ನೂರು ಆಟಗಾರರಿಗೆ 7.1 ಇತ್ತು. ಮಾಡದವರಲ್ಲಿ ಅದು 45.8. ಮೊದಲ ವಾರ ಮೈ ಅರ್ಧಕ್ಕೇ ಧೊಪ್ಪನೆ ಬಿದ್ದವರು ಎಂಟನೇ ವಾರ ನೆಲದ ಹತ್ತಿರದವರೆಗೂ ಹಿಡಿದು ಇಳಿಯುತ್ತಾರೆ. ಆ ವ್ಯತ್ಯಾಸ ಅವರ ಕಣ್ಣಿಗೇ ಕಾಣುತ್ತದೆ, ಜೊತೆಗಾರನ ಕೈಗೂ ಗೊತ್ತಾಗುತ್ತದೆ. ಬಂಡೂರ ಹೇಳಿದ, ತಾನೇ ಮಾಡಿ ಗೆದ್ದ ಅನುಭವಕ್ಕೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಜೊತೆಗೊಂದು ನೋಟ್‌ಬುಕ್ ಇಟ್ಟು, ಯಾವ ದಿನ ಯಾವ ಎತ್ತರಕ್ಕೆ ಎಷ್ಟು ಕಿಕ್, ಮರುದಿನ ಬೆಳಿಗ್ಗೆ ಕಾಲು ಹೇಗಿತ್ತು ಎಂದು ಬರೆದುಕೊಂಡರೆ ಕೆಟ್ಟ ದಿನವೊಂದು ಬಂದಾಗ ಎದೆಗುಂದದೆ ಹಿಂದಿನ ಪುಟ ತಿರುವಿ ನೋಡಬಹುದು.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಅಳುಕು ಇದ್ದರೆ ಕಾಲು ಸಿದ್ಧವಿಲ್ಲ ಎಂಬುದು ನಿಜವಾದರೂ, ಅಳುಕಿಲ್ಲದಿದ್ದರೆ ಸಿದ್ಧವಿದೆ ಎಂದು ಹೇಳಲಾಗದು. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಈ ಎರಡರ ನಡುವಿನ ದಿನಗಳಲ್ಲಿ ಹುರುಪಿನ ಹುಡುಗರಿಗೆ ಭಯವೇ ಇರುವುದಿಲ್ಲ, ಅಪಾಯ ಮಾತ್ರ ಇದ್ದೇ ಇರುತ್ತದೆ. ಆದ್ದರಿಂದ ಅಂಜುವವರಿಗೂ ಅಂಜದವರಿಗೂ ಒಂದೇ ಮೆಟ್ಟಿಲು, ಒಂದೇ ಅಳತೆ ಇರಬೇಕು. ಹದಿಹರೆಯದವರ ವಿಷಯದಲ್ಲಂತೂ ಇನ್ನಷ್ಟು ಜಾಗ್ರತೆ ಬೇಕು. ಹ್ಯಾಮ್‌ಸ್ಟ್ರಿಂಗ್ ಅಂಟಿಕೊಂಡಿರುವ ಎಲುಬಿನ ತುದಿ ಆ ವಯಸ್ಸಿನಲ್ಲಿ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ಸ್ನಾಯು ಹರಿಯುವ ಬದಲು ಎಲುಬಿನ ಚೂರೇ ಕಿತ್ತು ಬರಬಹುದು. ಕಿಕ್ ಹೊಡೆಯುವಾಗ ಪೃಷ್ಠದ ಕೆಳಗೆ ಟಪ್ ಎಂದಂತಾಗಿ ಕೂರಲು ನೋವಾದರೆ, ಕಾಲೂರಲು ಆಗದಿದ್ದರೆ, ತೊಡೆ ನೀಲಿಗಟ್ಟಿದರೆ ಎಣ್ಣೆ ತಿಕ್ಕಿ ಕೂರಿಸುವ ಸಮಯ ಅದಲ್ಲ. ಎಕ್ಸ್‌ರೇ ಆಗಲೇಬೇಕು.

ಕೊನೆಗೆ, ಕಲಿಯುವವರ ಮೇಲಿನ ಒತ್ತಡ ಎಲ್ಲಿಂದ ಬರುತ್ತದೆಂಬುದನ್ನೂ ನೋಡಬೇಕು. ಕರಾಟೆಯ ಅಂತರರಾಷ್ಟ್ರೀಯ ಪಂದ್ಯದಲ್ಲಿ ಪಂಚ್‌ಗೆ ಒಂದು ಅಂಕ, ತಲೆಯೆತ್ತರದ ಕಿಕ್‌ಗೆ ಮೂರು. ಟೇಕ್ವಾಂಡೊದಲ್ಲೂ ತಲೆಗೆ ತಾಗಿದ ಕಿಕ್‌ಗೆ ಬೆಲೆ ಹೆಚ್ಚು. ಪಂದ್ಯದ ನಿಯಮ ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಆದರೆ ಬೆಲ್ಟ್ ಪರೀಕ್ಷೆ ನಮ್ಮ ಊರಿನ ತರಗತಿಗಳ ಕೈಯಲ್ಲೇ ಇದೆ. ಶುಲ್ಕ ಕಟ್ಟಿಯಾಗಿದೆ, ದಿನಾಂಕ ಗೊತ್ತಾಗಿದೆ, ಜೊತೆಯವರೆಲ್ಲ ಮುಂದಿನ ಬೆಲ್ಟ್‌ಗೆ ಹೋಗುತ್ತಿದ್ದಾರೆ ಎಂಬ ಕಾರಣಕ್ಕೆ ಅರೆಮಾಗಿದ ಕಾಲಿನಲ್ಲಿ ಮಕ್ಕಳು ಪರೀಕ್ಷೆಗೆ ನಿಲ್ಲುತ್ತಾರೆ. ಯುರೋಪಿನ ಪ್ರಮುಖ ಫುಟ್ಬಾಲ್ ಕ್ಲಬ್‌ಗಳಲ್ಲಿ 2001ರಿಂದ 21 ಋತುಗಳ ಕಾಲ ಕಲೆಹಾಕಿದ ಲೆಕ್ಕದ ಪ್ರಕಾರ, ಹ್ಯಾಮ್‌ಸ್ಟ್ರಿಂಗ್ ಪೆಟ್ಟುಗಳಲ್ಲಿ ಶೇ 18ರಷ್ಟು ಮರುಪೆಟ್ಟುಗಳು, ಅವುಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಆಗಿದ್ದು ಆಟಕ್ಕೆ ಮರಳಿದ ಎರಡೇ ತಿಂಗಳೊಳಗೆ. ಅತ್ಯುತ್ತಮ ವೈದ್ಯರೂ ಸೌಲಭ್ಯಗಳೂ ಇರುವ ಕಡೆಯ ಮಾತು ಇದು. ಹಾಗಾಗಿ ನಮ್ಮ ತರಗತಿಗಳು ಒಂದು ನಿಯಮ ಮಾಡಿಕೊಳ್ಳಲಿ: ಸ್ನಾಯು ಹರಿದು ಮರಳಿದವರಿಗೆ ಮೊದಲ ಎರಡು ತಿಂಗಳು ಪೂರ್ಣ ಸ್ಪಾರಿಂಗ್ ಇಲ್ಲ, ಆ ಅವಧಿಯಲ್ಲಿ ಬೆಲ್ಟ್ ಪರೀಕ್ಷೆ ಬಂದರೆ ಸೊಂಟದೆತ್ತರದ ಕಿಕ್‌ನಲ್ಲೇ ಅವರ ನಿಲುವು, ಸಮತೋಲ, ಸೊಂಟದ ತಿರುವುಗಳನ್ನು ನೋಡಿ ಅಂಕ ಕೊಡಬೇಕು, ಇಲ್ಲವೇ ಕಟ್ಟಿದ ಶುಲ್ಕವನ್ನು ಮುಂದಿನ ಪರೀಕ್ಷೆಗೆ ಹಾಗೇ ಉಳಿಸಿಕೊಡಬೇಕು. ಮಗುವನ್ನು ತರಗತಿಗೆ ಸೇರಿಸುವ ದಿನವೇ ಪೋಷಕರು ಶುಲ್ಕ, ಸಮವಸ್ತ್ರದ ಜೊತೆಗೆ ಈ ನಿಯಮ ಇದೆಯೇ ಎಂದೂ ಕೇಳಲಿ.